ಬ್ರೂಬೇಕರ್ ಚೌಕಟ್ಟು ಕೊಡಗಿನ ಸಮೀಕ್ಷೆಗೆ ಹೊಂದುತ್ತದಾ?

ಪ್ರಶ್ನೆ: ಸಮಾಜಶಾಸ್ತ್ರಜ್ಞ ರೋಜರ್ಸ್ ಬ್ರೂಬೇಕರ್ ಯುರೋಪಿನ ಪಾಪ್ಯುಲಿಸಂ (‘ಜನ’ರನ್ನು ಗಣ್ಯರ ವಿರುದ್ಧ ನಿಲ್ಲಿಸುವ ರಾಜಕಾರಣ) ಬಗ್ಗೆ ಬರೆದ 2017ರ ಲೇಖನ ಇಟ್ಟುಕೊಂಡು ವಿರಾಜಪೇಟೆ, ನಾಪೋಕ್ಲು ಕಡೆ ಮುಸ್ಲಿಮರ ಬೆರೆಯುವಿಕೆ ಬಗ್ಗೆ ಎಂಎ ಪ್ರಬಂಧಕ್ಕೆ ಪ್ರಶ್ನಾವಳಿ ಮಾಡಬೇಕು. ಯುರೋಪಿನ ಪ್ರಶ್ನೆಗಳನ್ನೇ ಕನ್ನಡಕ್ಕೆ ತಂದರೆ ಸಾಕಾ?

ಉತ್ತರ 1: ಸಾಲದು. ಅವರ ವಾದ ಉತ್ತರ, ಪಶ್ಚಿಮ ಯುರೋಪಿನದು. ನೆದರ್‌ಲ್ಯಾಂಡ್ಸ್, ಫ್ರಾನ್ಸ್‌ನ ಪಾಪ್ಯುಲಿಸ್ಟ್ ಪಕ್ಷಗಳು ಸೆಕ್ಯುಲರಿಸಂ, ಲಿಂಗ ಸಮಾನತೆಯನ್ನೇ ಇಸ್ಲಾಂ ವಿರುದ್ಧ ಗುರಾಣಿ ಮಾಡಿಕೊಂಡವು. ಚರ್ಚಿಗೆ ಕಾಲಿಡದವರೂ ಕ್ರೈಸ್ತ ನಾಗರಿಕತೆ ಅನ್ನತೊಡಗಿದರು. ಅಲ್ಲಿ ಮುಸ್ಲಿಮರು ಹೆಚ್ಚಾಗಿ ವಲಸೆ ಬಂದವರು, ಅವರ ಮಕ್ಕಳು. ಇಲ್ಲಿ ಕೊಡವ ಮಾಪಿಳ್ಳೆಗಳಿಗೆ (ಕೊಡಗಿನದೇ ಮುಸ್ಲಿಂ ಸಮುದಾಯ) ಕೊಡವ ಮನೆಹೆಸರೇ ಇರುವಾಗ ‘ಎಷ್ಟು ಬೆರೆತಿದ್ದೀರಿ’ ಅಂತ ಕೇಳುವುದೇ ಅಸಂಬದ್ಧ.

ಉತ್ತರ 2: 2011ರ ಜನಗಣತಿ ಪ್ರಕಾರ ಜಿಲ್ಲೆಯಲ್ಲಿ ಮುಸ್ಲಿಮರು ಸುಮಾರು ಶೇ 16. ಮಲಯಾಳ, ಬ್ಯಾರಿ, ಉರ್ದು, ಕೊಡವ ತಕ್ಕ್ (ಕೊಡವ ಭಾಷೆ) ಎಲ್ಲ ಇದೆ. ಹಾಗಾಗಿ ಮೊದಲ ಪ್ರಶ್ನೆ ಮನೆಮಾತು. ‘ಎಲ್ಲ ಧರ್ಮ ಸಮಾನವೇ’ ಅಂದರೆ ಎಲ್ಲರೂ ಹೌದು ಅಂತಾರೆ, ಕಾಗದ ದಂಡ. ಬದಲಿಗೆ ‘ಎಮ್ಮೆಮಾಡು ದರ್ಗಾದ ಉರೂಸಿಗೆ ಹೋಗಿದ್ದೀರಾ, ಯಾರ ಜತೆ’ ಅಂತ ಕೇಳಿ, ಹಿಂದೂಗಳಿಗೂ. ಶಾಲೆಯ ಹಿಜಾಬ್, ಕುಂಕುಮದ ಪ್ರಶ್ನೆಗಳ ಕ್ರಮವನ್ನು ಅರ್ಧ ಜನರಿಗೆ ತಿರುಗಿಸಿ. ಯಾವುದನ್ನು ಮೊದಲು ಕೇಳಿದಿರಿ ಅನ್ನುವುದರಿಂದಲೇ ಉತ್ತರ ಬದಲಾಗಬಹುದು. ‘ನಾಯಕರು ಜನರನ್ನು ಮರೆತು ಅಲ್ಪಸಂಖ್ಯಾತರನ್ನು ಓಲೈಸುತ್ತಾರೆ’ ಎಂಬ ವಾಕ್ಯ ಬೇಡವೇ ಬೇಡ. ಗಣ್ಯರ ಮೇಲಿನ ಸಿಟ್ಟು, ಮುಸ್ಲಿಮರ ಮೇಲಿನ ಸಿಟ್ಟು ಒಂದೇ ಅಂಕದಲ್ಲಿ ಕಲಸಿಹೋಗುತ್ತೆ, ಆಮೇಲೆ ಬಿಡಿಸಲಾಗದು.

ಉತ್ತರ 3: ಕಾಫಿ ಕುಯ್ಲಿನ ಹೊತ್ತಲ್ಲಿ ಹಗಲು ಯಾರೂ ಸಿಗಲ್ಲ. ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ರೈಟರ್ (ಕೆಲಸದ ಲೆಕ್ಕ ನೋಡುವವರು) ಎದುರು ಕೇಳಬೇಡಿ, ರೈಟರ್‌ಗೆ ಹಿತವಾದ ಉತ್ತರವೇ ಬರುತ್ತೆ.