ಅಡಿಕೆ ವಿಂಗಡಿಸುವ ಕ್ಯಾಮೆರಾದಲ್ಲಿ ಕಪ್ಪು ಪಟ್ಟೆ, ಎಕ್ಸ್‌ಪೋಶರ್ 1759ಕ್ಕೇ ನಿಂತುಬಿಡುತ್ತದೆ

ಚಾಲಿ_ಹುಡುಗ, ಶಿರಸಿ

ಎಲ್ಲರಿಗೂ ನಮಸ್ಕಾರ. ಮನೆ ಪಕ್ಕದ ಶೆಡ್ಡಿನಲ್ಲಿ ಚಾಲಿ (ಒಣಗಿಸಿ ಸುಲಿದ ಹಣ್ಣಡಿಕೆ) ವಿಂಗಡಿಸಲು ಒಂದು ಸಣ್ಣ ಬೆಲ್ಟ್ ಮಾಡಿದ್ದೇನೆ. ಮೇಲೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದಕ್ಕೆ ಐಎಂಎಕ್ಸ್219 ಕ್ಯಾಮೆರಾ, 1080 ಮೋಡ್. ಕ್ಯಾಮೆರಾ ನೋಡಿಕೊಳ್ಳುವ ಲಿಬ್‌ಕ್ಯಾಮೆರಾ ತಂತ್ರಾಂಶ ಇಲ್ಲದೆ, ನೇರವಾಗಿ ಸೆನ್ಸರ್ ನಡೆಸುವ ಡ್ರೈವರಿನ ಕಂಟ್ರೋಲ್‌ಗಳನ್ನೇ ಬದಲಾಯಿಸುತ್ತೇನೆ.

ತೊಂದರೆ ಏನೆಂದರೆ, ಟ್ಯೂಬ್‌ಲೈಟ್ ಕೆಳಗೆ ಚಿತ್ರದಲ್ಲಿ ಎರಡು ಕಪ್ಪು ಪಟ್ಟೆ ಅಡ್ಡಡ್ಡ ಸರಿಯುತ್ತಿರುತ್ತವೆ. ಪಟ್ಟೆ ಕೆಳಗೆ ಬಂದ ಒಳ್ಳೇ ಚಾಲಿಯನ್ನೂ ಪ್ರೋಗ್ರಾಮ್ ಬಿಳಿಗೋಟು (ಕೆಳದರ್ಜೆ) ಅನ್ನುತ್ತದೆ. ಅಪ್ಪಯ್ಯ ಎರಡು ದಿನ ನೋಡಿದರು, ಆಮೇಲೆ ಮೊರ ತಗೊಂಡು ಸುಮ್ನೆ ಕೈಯಲ್ಲೇ ಆರಿಸಲು ಕೂತರು.

ಎಕ್ಸ್‌ಪೋಶರ್ (ಸೆನ್ಸರ್ ಬೆಳಕು ಹಿಡಿಯುವ ಹೊತ್ತು) 300 ಇತ್ತು. 60 ಮಾಡಿದೆ, ಪಟ್ಟೆ ಇನ್ನೂ ಜಾಸ್ತಿಯಾಯಿತು. 2000 ಹಾಕಿದರೆ ಎರರ್ ಬರುವುದಿಲ್ಲ, ಆದರೆ ಓದಿ ನೋಡಿದರೆ 1759. ಈಗ 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್) ಬರುತ್ತಿದೆ, ಅದು 25 ಆಗಲಿ ಎಂದು ಪ್ರೋಗ್ರಾಮಿನಲ್ಲಿ ಒಂದು ಸ್ಲೀಪ್ (ತುಸು ಹೊತ್ತು ಕಾಯುವ ಆದೇಶ) ಹಾಕಿದೆ, ಏನೂ ಬದಲಾಗಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಕಾಳಿ_ದಂಡೆ, ಕಾರವಾರ

ಸ್ಲೀಪ್ ಹಾಕಿದರೆ ನಿದ್ದೆ ಮಾಡುವುದು ನಿಮ್ಮ ಪ್ರೋಗ್ರಾಮ್, ಸೆನ್ಸರ್ ಅಲ್ಲ ಮಾರಾಯ್ರೇ!

ಸೆನ್ಸರಿಗೆ ಮಿಲಿಸೆಕೆಂಡ್ ಗೊತ್ತಿಲ್ಲ, ಅದು ಎಣಿಸುವುದು ಲೈನು. ಈ ಮೋಡಿನಲ್ಲಿ ಒಂದು ಲೈನಿಗೆ ಖಾಲಿ ಜಾಗವೂ ಸೇರಿ 3448 ಪಿಕ್ಸೆಲ್. ಪಿಕ್ಸೆಲ್ ರೇಟ್ ಸೆಕೆಂಡಿಗೆ 18.24 ಕೋಟಿ. ಭಾಗಿಸಿ ನೋಡಿ, ಒಂದು ಲೈನಿಗೆ 18.9 ಮೈಕ್ರೋಸೆಕೆಂಡ್. ಚಿತ್ರದ 1080 ಲೈನು, ಅದರ ಮೇಲೆ ವಿಬ್ಲ್ಯಾಂಕಿನ 683 ಖಾಲಿ ಲೈನು, ಒಟ್ಟು 1763. ಅಷ್ಟು ಮುಗಿಯಲು 33.3 ಮಿಲಿಸೆಕೆಂಡ್ ಬೇಕು. ನಿಮ್ಮ 30 ಎಫ್‌ಪಿಎಸ್ ಬಂದಿದ್ದು ಹೀಗೆ. ಎಕ್ಸ್‌ಪೋಶರ್ ಒಟ್ಟು ಲೈನಿಗಿಂತ ಕನಿಷ್ಠ 4 ಕಡಿಮೆ ಇರಬೇಕು ಎಂದು ಡ್ರೈವರ್ ಹಿಡಿದುಕೊಂಡಿದೆ. ಅದಕ್ಕೇ 1759.

25 ಬೇಕಾದರೆ ಒಟ್ಟು 2116 ಲೈನು, ಅಂದರೆ ವಿಬ್ಲ್ಯಾಂಕ್ 1036. ಮೊದಲು ವಿಬ್ಲ್ಯಾಂಕ್ ಬರೆಯಿರಿ, ಆಮೇಲೆ ಎಕ್ಸ್‌ಪೋಶರ್. ವಿಬ್ಲ್ಯಾಂಕ್ ಬದಲಾದಾಗ ಡ್ರೈವರ್ ಎಕ್ಸ್‌ಪೋಶರಿನ ಮಿತಿಯನ್ನೂ ಬದಲಾಯಿಸುತ್ತದೆ. ಉಲ್ಟಾ ಮಾಡಿದರೆ ಹಳೇ ಮಿತಿಗೇ ಕತ್ತರಿಸಿ ಇಡುತ್ತದೆ, ಒಂದು ಮಾತೂ ಹೇಳುವುದಿಲ್ಲ.

ಈಗ ಪಟ್ಟೆ. ನಮ್ಮ ಕರೆಂಟು 50 ಹರ್ಟ್ಜ್, ಆದ್ದರಿಂದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, 10 ಮಿಲಿಸೆಕೆಂಡಿಗೊಮ್ಮೆ. ಸೆನ್ಸರ್ ಲೈನುಗಳನ್ನು ಒಂದಾದ ಮೇಲೊಂದು ಓದುತ್ತದೆ, 1080 ಲೈನು ಓದಲು 20.4 ಮಿಲಿಸೆಕೆಂಡ್. ಹಾಗಾಗಿ ನಿಮಗೆ ಕಾಣುವುದು ಸರಿಯಾಗಿ ಎರಡು ಪಟ್ಟೆ. ಎಕ್ಸ್‌ಪೋಶರ್ 529 ಲೈನ್ ಇಡಿ, ಅದು 10 ಮಿಲಿಸೆಕೆಂಡ್. ಎಲ್ಲ ಲೈನಿಗೂ ಒಂದೊಂದು ಪೂರ್ತಿ ಮಿನುಗು ಸಿಗುತ್ತದೆ, ಪಟ್ಟೆ ಹೋಗುತ್ತದೆ. ಬರೀ 25 ಎಫ್‌ಪಿಎಸ್ ಮಾಡಿದರೆ ಪಟ್ಟೆ ಹೋಗುವುದಿಲ್ಲ, ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ ಅಷ್ಟೇ.

ಚಾಲಿ_ಹುಡುಗ, ಶಿರಸಿ

529 ಹಾಕಿದೆ. ಪಟ್ಟೆ ಮಾಯ! ಆದರೆ ಈಗ ಅಡಿಕೆ ಎಲ್ಲ ಉದ್ದುದ್ದ ಮಸುಕು. ಚಾಲಿ ಮೇಲಿನ ಗೀರು ಕಾಣುತ್ತಿಲ್ಲ. ಬೆಲ್ಟ್ 5 ಸೆಕೆಂಡಿಗೆ ಒಂದು ಮೀಟರ್ ಓಡುತ್ತದೆ.

ಗಜನಿ_ಭಟ್ಕಳ

ಸೆಕೆಂಡಿಗೆ 20 ಸೆಂಟಿಮೀಟರ್ ಅಂದರೆ 10 ಮಿಲಿಸೆಕೆಂಡಿನಲ್ಲಿ ಅಡಿಕೆ 2 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಮಸುಕಾಗದೆ ಇನ್ನೇನಾಗುತ್ತದೆ? ಡ್ರೈವರ್ ಬಿಡಿ ತಮ್ಮಾ, ದೀಪ ಬದಲಾಯಿಸು. 12 ವೋಲ್ಟ್ ಎಲ್‌ಇಡಿ ಪಟ್ಟಿಯನ್ನು ಬ್ಯಾಟರಿಗೆ ಹಾಕು. ಡಿಸಿ ಬೆಳಕು ಮಿನುಗುವುದಿಲ್ಲ, ಎಕ್ಸ್‌ಪೋಶರ್ 53 ಲೈನಿಗೆ ಇಳಿಸಬಹುದು. ಅದು 1 ಮಿಲಿಸೆಕೆಂಡ್. ಬೆಳಕು ಮಾತ್ರ ಹತ್ತು ಪಟ್ಟು ಬೇಕು, ಪಟ್ಟಿಯನ್ನು ಬೆಲ್ಟಿಗೆ ಹತ್ತಿರ ತಾ.

ನಾನು ಮೀನಿನ ಟ್ರೇ ಎಣಿಸಲು ಇದೇ ರಾಮಾಯಣ ಮಾಡಿಕೊಂಡಿದ್ದೆ. ಒಂದು ವಾರ ರಿಜಿಸ್ಟರ್ ಕೆದಕಿ, ಕಡೆಗೆ ಬದಲಾಯಿಸಿದ್ದು ಬಲ್ಬು.

ಕಾಳಿ_ದಂಡೆ, ಕಾರವಾರ

ಹೌದು, ಅದೇ ಸರಿ. ಇನ್ನೊಂದು ಮಾತು. ಎಕ್ಸ್‌ಪೋಶರ್ ಇಳಿಸಿ ಗೇನ್ (ಸಿಕ್ಕ ಬೆಳಕಿನ ಸಿಗ್ನಲನ್ನು ಹಿಗ್ಗಿಸುವ ಮಟ್ಟ) ಏರಿಸುವಾಗ ನಡುವೆ ಒಂದು ಫ್ರೇಮ್ ಬೆಳ್ಳಗೆ ಬಂದರೆ ಹೆದರಬೇಡಿ. ಈ ಸೆನ್ಸರಿನಲ್ಲಿ ಗೇನ್ ಒಂದು ಫ್ರೇಮಿಗೆ ಹತ್ತುತ್ತದೆ, ಎಕ್ಸ್‌ಪೋಶರಿಗೆ ಎರಡು ಬೇಕು. ಗೇನನ್ನು ಒಂದು ಫ್ರೇಮ್ ತಡವಾಗಿ ಬರೆಯಿರಿ.

ಚಾಲಿ_ಹುಡುಗ, ಶಿರಸಿ

ಪೇಟೆಗೆ ಹೋಗಿ ಐದು ಮೀಟರ್ ಪಟ್ಟಿ ತಂದೆ. ಜೊತೆಗೆ ರಿಮೋಟ್ ಇರುವ ಡಿಮ್ಮರ್ ಕೊಟ್ಟರು. ಖುಷಿಯಲ್ಲಿ ಬೆಳಕು ಅರ್ಧಕ್ಕೆ ಇಳಿಸಿದೆ ನೋಡಿ, ಚಿತ್ರದ ತುಂಬ ಬಾಚಣಿಗೆ ಎಳೆದ ಹಾಗೆ ಸಣ್ಣ ಸಣ್ಣ ಗೆರೆ! ಡಿಮ್ಮರ್ ಬೆಳಕು ಕಡಿಮೆ ಮಾಡುವುದೇ ದೀಪವನ್ನು ಬೇಗ ಬೇಗ ಆರಿಸಿ ಹೊತ್ತಿಸಿ, ಅಲ್ವಾ? ಕಿತ್ತು ಬಿಸಾಕಿದೆ. ಪಟ್ಟಿಯನ್ನು ನೇರ ಬೈಕಿನ ಬ್ಯಾಟರಿಗೆ ಸಿಕ್ಕಿಸಿ, ಬೆಲ್ಟಿನಿಂದ ಒಂದು ಗೇಣು ಮೇಲೆ ಕಟ್ಟಿದೆ. ವಿಬ್ಲ್ಯಾಂಕ್ 683, ಎಕ್ಸ್‌ಪೋಶರ್ 53. ಚಾಲಿ ಮೇಲಿನ ಗೀರು ಒಂದೊಂದೂ ಕಾಣುತ್ತದೆ.

ಕೋಕಾ (ಕೆಟ್ಟ ಅಡಿಕೆ) ಎಲ್ಲ ಬೇರೆ ಬುಟ್ಟಿಗೆ ಬೀಳುತ್ತಿದೆ. ಅಪ್ಪಯ್ಯ ಆ ಬುಟ್ಟಿಯನ್ನು ಮೊರಕ್ಕೆ ಸುರಿದುಕೊಂಡು ಇನ್ನೊಮ್ಮೆ ನೋಡುತ್ತಿದ್ದಾರೆ. ಇಲ್ಲಿವರೆಗೆ ಎರಡು ಒಳ್ಳೇ ಅಡಿಕೆ ಸಿಕ್ಕಿವೆ ಅಂತೆ.