ಕರೆಂಟ್ ಇಲ್ಲದ ತೋಟದ ಶೆಡ್ಡಿಗೆ ಕಡಿಮೆ ಖರ್ಚಿನ ಕಾವಲು: ಕೇಳಿ, ಗಂಗಾವತಿಯ ತಂತ್ರಜ್ಞರು ಹೇಳ್ತಾರೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬೋರ್ ಕೇಬಲ್, ಸ್ಟಾರ್ಟರ್ ಕಳವಾದ ಸುದ್ದಿ ಗುಂಪಿನಲ್ಲಿ ದಿನಾ ಬರ್ತಿದೆ. ಸೋಲಾರ್, ಕ್ಯಾಮೆರಾ ಕೆಲಸ ಮಾಡುವ ನಮ್ಮ ಗಂಗಾವತಿ ಸದಸ್ಯರು ಇವತ್ತು ಉತ್ತರ ಕೊಡ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕಾರಟಗಿ: ಸರ್, ಗದ್ದೆಯ ಶೆಡ್ಡಿಗೆ ಲೈನ್ ಇಲ್ಲ, ವೈಫೈನೂ ಇಲ್ಲ. ಮನೆಯಿಂದ ನೋಡುವ ಹಾಗೆ ಏನಾದರೂ ಆಗುತ್ತಾ?

ತಂತ್ರಜ್ಞ: ಆಗುತ್ತೆ. ಸಿಮ್ ಹಾಕುವ 4ಜಿ ಸೋಲಾರ್ ಕ್ಯಾಮೆರಾ ತಗೊಳ್ಳಿ. ಐದಾರು ಸಾವಿರದಲ್ಲಿ ಸಿಗುತ್ತೆ. ಆದರೆ ಅದು ಸದಾ ರೆಕಾರ್ಡ್ ಮಾಡಲ್ಲ. ನಿದ್ದೆಯಲ್ಲಿರುತ್ತೆ. ಮುಂದೆ ಮನುಷ್ಯನೋ ದನವೋ ಬಂದರೆ ಎದ್ದು ಹತ್ತು ಹದಿನೈದು ಸೆಕೆಂಡ್ ತೆಗೆದು ಮತ್ತೆ ಮಲಗುತ್ತೆ. ದುಡ್ಡು ಕೊಡುವ ಮುಂಚೆ ಶೆಡ್ಡಿನ ಹತ್ತಿರ ನಿಂತು ವಿಡಿಯೋ ಕಾಲ್ ಮಾಡಿ ನೋಡಿ. ಯಾವ ಸಿಮ್‌ನಲ್ಲಿ ಚಿತ್ರ ತಡೆಯದೆ ಹೋಗುತ್ತೋ ಅದನ್ನೇ ಹಾಕಿ. ಜಿಯೋ ಆದರೆ ಅದರ 4ಜಿ ಸಿಗ್ನಲ್ ಬರುವ 3, 5, 40 ಬ್ಯಾಂಡ್ ಕ್ಯಾಮೆರಾದಲ್ಲಿ ಇದೆಯಾ ಅಂತ ಅಂಗಡಿಯವರನ್ನು ಕೇಳಿ.

ಸಿಂಧನೂರು: ನಮಗೆ 24 ಗಂಟೆ ರೆಕಾರ್ಡಿಂಗ್ ಬೇಕು. ದಿನಕ್ಕೆ 1.5 ಜಿಬಿ ಪ್ಯಾಕ್ ಸಾಕಾ ಅಣ್ಣಾ?

ತಂತ್ರಜ್ಞ: ಸಾಲಲ್ಲ. 1 ಎಂಬಿಪಿಎಸ್ ವೇಗದಲ್ಲಿ ವಿಡಿಯೋ ದಿನವಿಡೀ ಕಳಿಸಿದರೆ 10 ಜಿಬಿ ದಾಟುತ್ತೆ. ರೆಕಾರ್ಡಿಂಗ್ ಮೆಮೊರಿ ಕಾರ್ಡಿಗೆ ಹೋಗಲಿ. 128 ಜಿಬಿ ಕಾರ್ಡಿನಲ್ಲಿ ಸುಮಾರು ಹನ್ನೊಂದು ದಿನ ಹಿಡಿಯುತ್ತೆ. ಬೇಕಾದಾಗ ಮಾತ್ರ ಫೋನಿನಲ್ಲಿ ತೆಗೆದು ನೋಡಿ. ಸದಾ ಎಚ್ಚರ ಇರುವ ಕ್ಯಾಮೆರಾ 6 ವ್ಯಾಟ್ ತಿನ್ನುತ್ತೆ ಅಂದುಕೊಳ್ಳಿ, ದಿನಕ್ಕೆ 144 ವ್ಯಾಟ್ ಅವರ್. 12.8 ವೋಲ್ಟ್, 20 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಜೊತೆಗೆ 75 ವ್ಯಾಟ್ ಪ್ಯಾನೆಲ್ ಹಾಕಿ. ಒಂದು ದಿನ ಪೂರ್ತಿ ಮೋಡ ಮುಚ್ಚಿದರೂ ನಡೆಯುತ್ತೆ. ಹಳೇ ಕಾರ್ ಬ್ಯಾಟರಿ ಬೇಡ. ಅದು ಗಾಡಿ ಸ್ಟಾರ್ಟ್ ಮಾಡೋಕೆ ಇರೋದು. ದಿನಾ ಆಳಕ್ಕೆ ಖಾಲಿ ಮಾಡಿದರೆ ಬೇಗ ಸಾಯುತ್ತೆ.

ಮಸ್ಕಿ: ಸರ್, ಊರಿನ ಮನೆ ವೈಫೈಯನ್ನು ಎರಡು ಕಿಲೋಮೀಟರ್ ದೂರದ ಶೆಡ್ಡಿಗೆ ತಗೊಂಡು ಹೋಗಬಹುದಾ? ನಡುವೆ ಒಂದು ಬೇವಿನ ತೋಪು ಇದೆ.

ಸಿರುಗುಪ್ಪ: ಕ್ಯಾಮೆರಾ ರೇಟ್ ಎಷ್ಟು?

ತಂತ್ರಜ್ಞ: ಮೇಲೆ ಹೇಳಿದ್ದೇನೆ.

ದೇವದುರ್ಗ: ಒಂದು ಒಳ್ಳೆ ಮೆಸೇಜ್ ಬಂದಿದೆ, ನೋಡಿ. “ಹಳೇ ಮೊಬೈಲ್ ಬಿಸಾಡಬೇಡಿ! ಚಾರ್ಜರಿಗೆ ಹಾಕಿ ಶೆಡ್ಡಿನ ಕಿಟಕಿಯಲ್ಲಿಡಿ, ಪುಕ್ಕಟೆ ಸಿಸಿ ಕ್ಯಾಮೆರಾ!”

ತಂತ್ರಜ್ಞ: ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲೇ ಹೇಳಿದ್ದಾರೆ. ತಗಡಿನ ಶೆಡ್ಡಿನೊಳಗೆ ಏಪ್ರಿಲ್ ಮಧ್ಯಾಹ್ನ ಕೈ ಇಡೋಕೆ ಆಗಲ್ಲ. ಅಂಥ ಬಿಸಿಯಲ್ಲಿ ಹಳೇ ಫೋನ್ ಹಗಲೂ ರಾತ್ರಿ ಚಾರ್ಜಿಗೆ ಹಾಕಿದ್ದರೆ ಬ್ಯಾಟರಿ ಉಬ್ಬುತ್ತೆ. ಪಕ್ಕದಲ್ಲಿ ಮೇವು, ಡ್ರಿಪ್ ಪೈಪ್ ಇರುತ್ತೆ. ಬೆಂಕಿ ಬಿದ್ದರೆ ಮೆಸೇಜ್ ಕಳಿಸಿದವರು ಬಂದು ಆರಿಸ್ತಾರಾ?

ಕುಷ್ಟಗಿ: ನಮಸ್ಕಾರ ಅಣ್ಣಾ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿ ದಾಳಿಂಬೆ ತೋಟ, ಅಪ್ಪ ಶೆಡ್ಡಿನಲ್ಲೇ ಮಲಗ್ತಾರೆ. ತ್ರೀ ಫೇಸ್ ಕೊಡುವ ಹೊತ್ತು ಬಿಟ್ಟರೆ ಕರೆಂಟ್ ಇಲ್ಲ. ಬೋರಿನ ಹತ್ತಿರ ಸೋಲಾರ್ ಕ್ಯಾಮೆರಾ ಹಾಕಿಸಿದ್ದೆ. ಜನವರಿಯಲ್ಲಿ ಇಲಿ ಓಡಿದರೂ ಅಲರ್ಟ್ ಬರ್ತಿತ್ತು. ಏಪ್ರಿಲ್‌ನಲ್ಲಿ ಅಪ್ಪ ಊಟಕ್ಕೆ ಮನೆಗೆ ಹೋದಾಗ, ರಾತ್ರಿ ಎಂಟರ ಸುಮಾರಿಗೆ, ಬೋರಿನ ಕೇಬಲ್ ಕತ್ತರಿಸಿಕೊಂಡು ಹೋದರು. ಕ್ಯಾಮೆರಾದಲ್ಲಿ ಸಿಕ್ಕಿದ್ದು ಒಂದು ಹಿಮ್ಮಡಿ, ಚಪ್ಪಲಿ, ಹಿಂದೆ ನೆಲದ ಮೇಲೆ ಎಳೆದುಹೋಗುವ ಕೇಬಲ್ಲಿನ ತುದಿ, ಅಷ್ಟೇ. ಅದೇ ರಾತ್ರಿ ಮೂರು ಗಂಟೆಗೆ ನಾಯಿ ಬಂದದ್ದು ಚೆನ್ನಾಗಿ ಬಂದಿದೆ. ಇನ್ನೂ ಒಳ್ಳೆ ಕ್ಯಾಮೆರಾ ಹೇಳಿ. ಇನ್ಮುಂದೆ ಅಲರ್ಟ್ ಬಂದ ತಕ್ಷಣ ಅಪ್ಪನಿಗೆ ಫೋನ್ ಮಾಡಿ, ಬ್ಯಾಟರಿ ಹಿಡ್ಕೊಂಡು ಹೋಗಿ ನೋಡು ಅಂತೀನಿ.

ತಂತ್ರಜ್ಞ: ಇದಕ್ಕೆ ನಿಧಾನವಾಗಿ ಬರೀತೀನಿ ತಮ್ಮಾ. ಮೊದಲು ಹೇಳು, ಕ್ಯಾಮೆರಾದ ಎದುರಿಗೆ ಏನಿದೆ? ಕಳ್ಳರು ಬರುವ ದಾರಿ ಅಡ್ಡಕ್ಕೋ, ನೇರ ಎದುರಿಗೋ?

ಕುಷ್ಟಗಿ: ಎದುರಿಗೆ ದೊಡ್ಡ ಬಂಡೆ. ದಾರಿ ನೇರ ಕ್ಯಾಮೆರಾ ಕಡೆಗೇ ಬರುತ್ತೆ.

ತಂತ್ರಜ್ಞ: ಹಾಗಾದರೆ ಕ್ಯಾಮೆರಾ ಕೆಟ್ಟಿಲ್ಲ. ಈ ಕ್ಯಾಮೆರಾ ಎಚ್ಚರ ಆಗೋದು ಬಿಸಿಯ ವ್ಯತ್ಯಾಸ ನೋಡಿ. ನಮ್ಮ ಚರ್ಮದ ಬಿಸಿ 34 ಡಿಗ್ರಿ ಆಸುಪಾಸು. ನಮ್ಮ ಕಡೆ ಏಪ್ರಿಲ್‌ನಲ್ಲಿ ಹಗಲೆಲ್ಲ ಕಾದ ಬಂಡೆ ರಾತ್ರಿ ಎಂಟಕ್ಕೂ ಅಷ್ಟೇ ಬಿಸಿ ಇರುತ್ತೆ. ಬಂಡೆಯ ಮುಂದೆ ಮನುಷ್ಯ ನಿಂತರೂ ಕ್ಯಾಮೆರಾಕ್ಕೆ ಬೇರೆ ಅಂತ ಕಾಣಲ್ಲ. ಮೂರು ಗಂಟೆಗೆ ಬಂಡೆ ತಣ್ಣಗಾಗಿತ್ತು, ಅದಕ್ಕೇ ನಾಯಿ ಸಿಕ್ತು. ಜೊತೆಗೆ, ನೇರ ಎದುರಿಗೆ ಬರುವವರನ್ನು ಇದು ತಡವಾಗಿ ಹಿಡಿಯುತ್ತೆ, ಅಡ್ಡ ಹಾಯುವವರನ್ನು ಬೇಗ. ಎದ್ದು ರೆಕಾರ್ಡ್ ಶುರು ಮಾಡೋಕೂ ಒಂದೆರಡು ಸೆಕೆಂಡ್ ಹೋಗುತ್ತೆ. ಅದಕ್ಕೆ ನಿನಗೆ ಹಿಮ್ಮಡಿ ಮಾತ್ರ ಸಿಕ್ಕಿದ್ದು.

ಹೊಸದು ತಗೋಬೇಡ. ಇದನ್ನೇ ಎಂಟಡಿ ಎತ್ತರದಲ್ಲಿ, ಬಂಡೆಗೆ ಬೆನ್ನು ಮಾಡಿ, ದಾರಿ ಅಡ್ಡ ಹಾಯುವ ಹಾಗೆ ತಿರುಗಿಸು. ಬೋರ್ ಕಾಯೋಕೆ ಕ್ಯಾಮೆರಾ ಒಂದನ್ನೇ ನಂಬಬೇಡ. ಎರಡು ಮೂರು ಸಾವಿರದ ಆಸುಪಾಸಿನಲ್ಲಿ ಸಿಮ್ ಹಾಕುವ ಜಿಎಸ್ಎಂ ಅಲಾರಂ ಡಬ್ಬಿ ಸಿಗುತ್ತೆ. ಕೇಬಲ್ ಹೋದಷ್ಟು ದೂರ ಒಂದು ತೆಳು ಜೋಡಿ ವೈರ್ ಎಳೆದು, ತುದಿಯಲ್ಲಿ ಎರಡನ್ನೂ ಕೂಡಿಸಿ, ಈ ಕಡೆ ಡಬ್ಬಿಗೆ ಕೊಡು. ವೈರ್ ಕಡಿದ ಕ್ಷಣ ಸೈರನ್ ಕೂಗಿ ನಿನ್ನ ಫೋನಿಗೆ ಕರೆ ಬರುತ್ತೆ. ಬೇಸಿಗೆಯಿರಲಿ ಮಳೆಯಿರಲಿ ಕೆಲಸ ಮಾಡುತ್ತೆ. ವೈರಿಗೆ ಬೇರೆ ಪೈಪ್ ಇರಲಿ, ಆ ಪೈಪನ್ನು ಮೋಟರ್ ಕೇಬಲ್ಲಿನ ಪೈಪಿಗೆ ಸೇರಿಸಿ ಕಟ್ಟು. ಕೆಲಸ ಮಾಡುವಾಗ ಮೂರೂ ಫ್ಯೂಸ್ ತೆಗೆದಿಡಿ. ಡಬ್ಬಿಗೆ ಜಿಯೋ ಸಿಮ್ ಬೇಡ. ಇವು ಜಾಸ್ತಿ 2ಜಿಯಲ್ಲಿ ನಡೆಯುವಂಥವು, ಜಿಯೋದಲ್ಲಿ 2ಜಿ ಇಲ್ಲ.

ಈಗ ಅಪ್ಪನ ವಿಷಯ. ಅವರನ್ನು ಕಳಿಸಬೇಡ. ಕತ್ತಲಲ್ಲಿ ಕೇಬಲ್ ಕತ್ತರಿಸುವವರ ಕೈಯಲ್ಲಿ ಕೊಡಲಿಯೋ ಗರಗಸವೋ ಇರುತ್ತೆ. ಒಬ್ಬರೇ ಬಂದಿರಲ್ಲ. ಬ್ಯಾಟರಿ ಹಿಡಿದು ಹೋದರೆ ಅಪ್ಪ ಎಲ್ಲಿದ್ದಾರೆ ಅಂತ ಅವರಿಗೆ ಕಾಣುತ್ತೆ, ಅಪ್ಪನಿಗೆ ಅವರು ಕಾಣಲ್ಲ. ಕರೆ ಬಂದರೆ ನೀನು ಮೊದಲು 112ಕ್ಕೆ ಮಾಡು, ಆಮೇಲೆ ಪಕ್ಕದ ತೋಟದ ನಾಲ್ಕು ಜನಕ್ಕೆ. ಆ ನಾಲ್ವರ ನಂಬರುಗಳನ್ನು ಈಗಲೇ ಡಬ್ಬಿಯಲ್ಲೂ ಹಾಕಿಡು, ಕರೆ ಅವರಿಗೂ ಹೋಗುತ್ತೆ. ಅಪ್ಪ ಒಳಗಿನಿಂದ ಚಿಲಕ ಹಾಕಿಕೊಂಡು ಇರಲಿ. ಕೇಬಲ್ ಹೋದರೆ ದುಡ್ಡು ಕೊಟ್ಟು ತರಬಹುದು.

ಕುಷ್ಟಗಿ: ಅಪ್ಪ ಸುಮ್ನೆ ಕೂರಲ್ಲ ಅಣ್ಣಾ. ಹೇಳಿದರೆ ಬೈತಾರೆ.

ತಂತ್ರಜ್ಞ: ಬೈಸಿಕೋ. ಅವ್ವನ ಕೈಲೂ ಹೇಳಿಸು.

ಯಲಬುರ್ಗಾ: ಇಷ್ಟೆಲ್ಲ ಯಾಕೆ? ಕಳ್ಳರು ಹೊರಗಿನವರಲ್ಲ, ಕಟಾವಿಗೆ ಬರುವ ಕೂಲಿಯವರೇ. ಅವರ ರೂಮಿನ ಕಡೆಗೇ ಒಂದು ಕ್ಯಾಮೆರಾ ತಿರುಗಿಸಿ ಇಡಬೇಕು.

ಲಿಂಗಸುಗೂರು: ಬಾಯಿಗೆ ಬಂದ ಹಾಗೆ ಮಾತಾಡಬೇಡಿ ಗೌಡ್ರೇ. ನಮ್ಮ ಅವ್ವ ಕೂಲಿ ಮಾಡಿಯೇ ನಮ್ಮನ್ನು ಓದಿಸಿದ್ದು. ನಿಮ್ಮ ತೋಟದ ಹಣ್ಣು ಬಾಕ್ಸಿಗೆ ತುಂಬೋದೂ ಅವರೇ.

ಯಲಬುರ್ಗಾ: ನಿಮ್ಮ ಅವ್ವನಿಗೆ ಯಾರು ಅಂದರು? ಕೇಬಲ್ ಎಲ್ಲಿದೆ ಅಂತ ಅವರಿಗಲ್ಲದೆ ಇನ್ಯಾರಿಗೆ ಗೊತ್ತು?

ಲಿಂಗಸುಗೂರು: ಗುಜರಿಯವರಿಗೆ ಗೊತ್ತು, ಮೋಟರ್ ರಿಪೇರಿಗೆ ಬಂದವರಿಗೆ ಗೊತ್ತು, ದಾರಿಯಲ್ಲಿ ಹೋಗುವವರಿಗೂ ಗೊತ್ತು. ಕದ್ದ ತಾಮ್ರ ಕೊಳ್ಳುವವರ ಬಗ್ಗೆ ಒಂದು ಮಾತು ಆಡಲ್ಲ ನೀವು!

ಸಿರುಗುಪ್ಪ: ಇಬ್ಬರೂ ಪರ್ಸನಲ್ ಮೆಸೇಜಿಗೆ ಹೋಗ್ರೀ. ನಾವು ಕಲಿಯೋಕೆ ಬಂದಿದ್ದೇವೆ.

ಯಲಬುರ್ಗಾ: ನಿಮಗೆ ರೇಟ್ ಬಿಟ್ಟು ಬೇರೆ ಏನು ಬೇಕು?

ತಂತ್ರಜ್ಞ: ಯಲಬುರ್ಗಾದವರೇ, ರೂಮಿನ ಕಡೆ ಕ್ಯಾಮೆರಾ ಅಂದಿರಲ್ಲ, ಅಲ್ಲಿ ಹೆಣ್ಣುಮಕ್ಕಳು ಸ್ನಾನ ಮಾಡ್ತಾರೆ, ಬಟ್ಟೆ ಬದಲಾಯಿಸ್ತಾರೆ. ಅದನ್ನು ಕದ್ದು ನೋಡೋದು, ರೆಕಾರ್ಡ್ ಮಾಡೋದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ. ಅಂಥ ಕಡೆ ನಾನು ಕ್ಯಾಮೆರಾ ಹಾಕಿಕೊಡಲ್ಲ. ಕ್ಯಾಮೆರಾ ಬೋರ್, ಸ್ಟಾರ್ಟರ್, ಗೇಟಿನ ಕಡೆ ನೋಡಲಿ.

ಸಂಡೂರು: ಇದು ಎಲ್ಲಕ್ಕಿಂತ ಅಗ್ಗ. “ಬೇಲಿ ತಂತಿಗೆ ರಾತ್ರಿ ಒಂದು ಫೇಸ್ ಕೊಟ್ಟುಬಿಡಿ, ಕಳ್ಳನೂ ಬರಲ್ಲ, ಕಾಡುಹಂದಿಯೂ ಬರಲ್ಲ.” ನಮ್ಮ ಸಂಬಂಧಿಕರ ಗುಂಪಿನಲ್ಲಿ ಬಂದದ್ದು.

ತಂತ್ರಜ್ಞ: ಈ ಮೆಸೇಜ್ ಡಿಲೀಟ್ ಮಾಡ್ರೀ. ಈಗಲೇ. ಲೈನಿನ ಕರೆಂಟ್ ಮುಟ್ಟಿದವರನ್ನು ಬಿಡಲ್ಲ. ಬೆಳಿಗ್ಗೆ ಅದೇ ತಂತಿ ಮುಟ್ಟೋದು ನಿಮ್ಮ ಮಗ, ನಿಮ್ಮ ಎತ್ತು, ಪಕ್ಕದ ಹೊಲದವರು. ನಿಮ್ಮ ಕಡೆ ದರೋಜಿ ಕರಡಿಧಾಮ ಇದೆ, ನಮ್ಮ ಆನೆಗೊಂದಿ ಕಡೆ ಚಿರತೆ ಓಡಾಡುತ್ತೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಎರಡೂ ಮೊದಲನೇ ಪಟ್ಟಿಯಲ್ಲಿವೆ. ಸತ್ತರೆ ಜೈಲು. ಸೋಲಾರ್ ಬೇಲಿ ಬೇರೆ. ಅದರ ಡಬ್ಬಿ ಕ್ಷಣಮಾತ್ರದ ಹೊಡೆತ ಕೊಟ್ಟು ಬಿಡುತ್ತೆ. ಅದನ್ನೂ ತಿಳಿದವರ ಕೈಲೇ ಹಾಕಿಸಿ. ಎರಡನ್ನೂ ಒಂದೇ ಅಂತ ಹಂಚಬೇಡಿ, ಜನ ಸಾಯ್ತಾರೆ.

ಸಂಡೂರು: ತಪ್ಪಾಯ್ತು ಸರ್. ತೆಗೆದೆ.

ಮಾನ್ವಿ: “ಪೊಲೀಸ್ ಇಲಾಖೆಯಿಂದ ರೈತರಿಗೆ ಉಚಿತ ಕ್ಯಾಮೆರಾ” ಅಂತ ಒಂದು ಎಪಿಕೆ ಫೈಲ್, ಅಂದರೆ ಆ್ಯಪ್ ಹಾಕುವ ಫೈಲ್, ಬಂದಿದೆ. ಇನ್‌ಸ್ಟಾಲ್ ಮಾಡಲಾ?

ತಂತ್ರಜ್ಞ: ಬೇಡ, ಅದು ಮೋಸ. ಮಾಡಿಬಿಟ್ಟಿದ್ದರೆ ನೆಟ್ ಆಫ್ ಮಾಡಿ, ಬ್ಯಾಂಕಿಗೆ ಹೇಳಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಂಪ್ಲಿ: ಸಿಗ್ನಲ್ ಕಡಿಮೆ. ಆನ್‌ಲೈನಿನಲ್ಲಿ ಬೂಸ್ಟರ್ ಇದೆ, ತರಿಸಲಾ?

ತಂತ್ರಜ್ಞ: ಅನುಮತಿ ಇಲ್ಲದ ಬೂಸ್ಟರ್ ಕಾನೂನಿಗೆ ವಿರುದ್ಧ. ಆಂಟೆನಾ ಸಿಕ್ಕಿಸುವ 4ಜಿ ರೂಟರ್ ತಗೊಂಡು, ಆಂಟೆನಾನ ಉದ್ದ ಪೈಪಿನ ತುದಿಗೆ ಕಟ್ಟಿ ನೋಡಿ.

ಸಿರುಗುಪ್ಪ: ಸರ್, ಕೊನೆಗೆ ಎಲ್ಲಾ ಸೇರಿ ರೇಟ್ ಎಷ್ಟಾಗುತ್ತೆ?

ಮಸ್ಕಿ: ನಾನು ಕೇಳಿ ಎಷ್ಟೊತ್ತಾಯ್ತು. ಜಗಳಕ್ಕೆ ಟೈಮ್ ಇದೆ, ನಮ್ಮ ಪ್ರಶ್ನೆಗೆ ಇಲ್ಲ.

ಅಡ್ಮಿನ್: ಯಲಬುರ್ಗಾ, ಲಿಂಗಸುಗೂರು ಇಬ್ಬರಿಗೂ ಹೇಳ್ತಿದ್ದೇನೆ, ಇನ್ನೊಂದು ಮೆಸೇಜ್ ಬಂದರೆ ಗುಂಪಿನಿಂದ ತೆಗೀತೀನಿ.

ಕುಷ್ಟಗಿ: ಅಣ್ಣಾ, ಅಪ್ಪನ ಜೊತೆ ಮಾತಾಡಿದೆ. ಚಿಲಕ ಹಾಕ್ಕೋತೀನಿ ಅಂದಿದ್ದಾರೆ, ಆದರೆ ಸೈರನ್ನಿಗೆ ಎತ್ತು ಬೆದರಿ ಹಗ್ಗ ಹರಿದುಕೊಳ್ತವೆ ಅಂತ ಹಟ.

ತಂತ್ರಜ್ಞ: ಸೈರನ್ ಶೆಡ್ಡಿನಲ್ಲಿ ಬೇಡ. ಉದ್ದ ವೈರ್ ಎಳೆದು ಬೋರಿನ ಕಂಬಕ್ಕೆ, ಎತ್ತರದಲ್ಲಿ ಕಟ್ಟಿಸು. ಹಗಲು ಹೊತ್ತಿನಲ್ಲಿ ಅಪ್ಪ ಎದುರಿಗಿದ್ದಾಗ ಒಂದೆರಡು ಸಲ ಕೂಗಿಸಿ, ಎತ್ತುಗಳಿಗೆ ಸದ್ದು ರೂಢಿ ಆಗಲಿ.