ಹಳೇ ಜೀಪು: ಪಾರ್ಕಿಂಗ್ ಲೈಟ್ ಹಾಕಿ ಬ್ರೇಕ್ ತುಳಿದರೆ ಹಿಂದಿನ ಎಡಗಡೆ ಲೈಟು ಆರಿಹೋಗುತ್ತೆ

ನಾಲೆಏರಿ, ಮಂಡ್ಯ:
ಹಳೇ ಮಹೀಂದ್ರ ಡೀಸೆಲ್ ಜೀಪು, 12 ವೋಲ್ಟ್. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ, ಗದ್ದೆ ಕೆಸರು, ಇದರಲ್ಲೇ ಓಡಾಟ. ಹಗಲಲ್ಲಿ ಬ್ರೇಕ್ ತುಳಿದರೆ ಬಲಗಡೆ ಸರಿಯಾಗಿ ಉರಿಯುತ್ತೆ, ಎಡಗಡೆ ಮಂಕು. ಪಾರ್ಕಿಂಗ್ ಹಾಕಿ ತುಳಿದರೆ ಎಡಗಡೆ ಪೂರ್ತಿ ಕತ್ತಲು. ಮೆಲ್ಲಗೆ ತುಳಿದರೆ ಎರಡೂ ಹತ್ತಲ್ಲ, ಒತ್ತಿ ತುಳೀಬೇಕು. ಬಲ್ಬ್ ಹೊಸದು, ಫ್ಯೂಸ್ ಸರಿ ಇದೆ. ಪೂರ್ತಿ ವೈರಿಂಗ್ ಬದಲಾಯಿಸಿ ಅಂತಾರೆ. ಬೇಕಾ?

ಹನ್ನೆರಡುವೋಲ್ಟ್, ಮೈಸೂರು:
ಬೇಡಣ್ಣ. ನೀವು ಹೇಳ್ತಿರೋದು ಎರಡು ಬೇರೆ ಬೇರೆ ತೊಂದರೆ.

ಎಡಗಡೆಯದು ಅರ್ತಿಂಗ್, ಅಂದ್ರೆ ಕರೆಂಟು ಬಲ್ಬಿಂದ ಗಾಡಿಯ ಲೋಹದ ಮೈ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗೋ ದಾರಿ ಕೆಟ್ಟಿದೆ. 21/5 ವ್ಯಾಟ್ ಬಲ್ಬಲ್ಲಿ ಎರಡು ಎಳೆ (ಫಿಲಮೆಂಟ್), 21ರದ್ದು ಬ್ರೇಕಿಗೆ, 5ರದ್ದು ಪಾರ್ಕಿಂಗಿಗೆ, ಎರಡಕ್ಕೂ ಅರ್ತ್ ಒಂದೇ. ಆ ಅರ್ತ್ ಕಡಿದಾಗ ಬ್ರೇಕಿನ ಕರೆಂಟು 5 ವ್ಯಾಟಿನ ಎಳೆ ಮೂಲಕ ಹಿಂದಕ್ಕೆ ಹೋಗಿ, ಪಾರ್ಕಿಂಗ್ ವೈರಲ್ಲಿ ಉಳಿದ ಬಲ್ಬ್‌ಗಳ ಅರ್ತ್ ಸೇರುತ್ತೆ. ನಿಮಗೆ ಮಂಕಾಗಿ ಕಾಣೋದು ಆ ಸಣ್ಣ ಎಳೆ. ಪಾರ್ಕಿಂಗ್ ಹಾಕಿದ ಮೇಲೆ ಎರಡು ಎಳೆಗೂ ಎರಡು ಕಡೆಯಿಂದ 12 ವೋಲ್ಟ್, ಕರೆಂಟಿಗೆ ದಾರಿನೇ ಇಲ್ಲ, ಅದಕ್ಕೇ ಕತ್ತಲು. ಬರೀ ಪಾರ್ಕಿಂಗ್ ಹಾಕಿದರೆ ಮಾತ್ರ ಹೆಚ್ಚುಕಮ್ಮಿ ಸರಿಯಾಗೇ ಉರಿಯುತ್ತೆ, ಯಾಕಂದ್ರೆ ಬಲಗಡೆಯ ಬ್ರೇಕ್ ಎಳೆ ಮೂಲಕ ಅರ್ತ್ ಸಿಗುತ್ತೆ. ಜನ ಮೋಸಹೋಗೋದು ಇಲ್ಲೇ.

ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಡ ಹೋಲ್ಡರಿನ ಲೋಹಕ್ಕೆ ಇಟ್ಟು ಬ್ರೇಕ್ ತುಳಿಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಕೆಟ್ಟಿದೆ. ಲೈಟಿನ ಡಬ್ಬ ಗಾಡಿಯ ಮೈಗೆ ಕೂರೋ ಬೋಲ್ಟಿನ ಸುತ್ತ ಪೇಂಟು, ತುಕ್ಕು ಎಮರಿ ಪೇಪರಲ್ಲಿ ಉಜ್ಜಿ ಹೊಳೆಯುವಂತೆ ಮಾಡಿ. ಆಮೇಲೂ ಹೋಲ್ಡರಿಂದ ಚಾಸಿಗೆ ಬೇರೆ ಕಪ್ಪು ವೈರ್ ಎಳೆದುಬಿಡಿ. ಕೆಸರಲ್ಲಿ ಓಡೋ ಗಾಡೀಲಿ ಬರೀ ಬೋಲ್ಟ್ ನಂಬಬಾರದು.

ಹಳೇಬ್ರೇಕ್, ಶ್ರೀರಂಗಪಟ್ಟಣ:
ಒತ್ತಿ ತುಳೀಬೇಕು ಅನ್ನೋದು ಸ್ವಿಚ್ಚಿನ ಕಥೆ. ಮಾಸ್ಟರ್ ಸಿಲಿಂಡರಲ್ಲೋ (ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನ ಒತ್ತೋ ಭಾಗ) ಬ್ರೇಕ್ ಪೈಪಲ್ಲೋ ಎರಡು ವೈರ್ ಸಿಕ್ಕಿಸಿದ ಸ್ವಿಚ್ ಇದ್ದರೆ ಅದು ಆ ಆಯಿಲ್ ಒತ್ತಡಕ್ಕೆ ಕೆಲಸ ಮಾಡೋದು. ಎರಡು ವೈರನ್ನೂ ಬಿಚ್ಚಿ ಒಂದಕ್ಕೊಂದು ಸೇರಿಸಿ. ಬಲಗಡೆ ಚೆನ್ನಾಗಿ ಹತ್ತಿದರೆ ಸ್ವಿಚ್ ಹೋಗಿದೆ. ಟರ್ಮಿನಲ್ ಹತ್ರ ಆಯಿಲ್ ಒಸರಿದ್ದರೆ ಪರೀಕ್ಷೆನೂ ಬೇಡ, ಬದಲಾಯಿಸಿ. ಹಳೇದನ್ನೇ ಮಾದರಿಗೆ ಅಂಗಡಿಗೆ ಒಯ್ಯಿರಿ, ಥ್ರೆಡ್ ಬೇರೆ ಬೇರೆ ಇರುತ್ತೆ.

ಬಿಚ್ಚೋ ಮುಂಚೆ ಹೊಸದು ಕೈಯಲ್ಲಿರಲಿ, ತೂತು ಬಾಯಿಬಿಟ್ಟುಕೊಂಡು ಕೂರಬಾರದು. ಹಾಕಿದ ಮೇಲೆ ಪೆಡಲ್ ಸ್ಪಂಜಿನ ಹಾಗಿದ್ದರೆ ಏರ್ ಹೊಕ್ಕಿದೆ. ದೂರದ ಚಕ್ರ ಅಂದ್ರೆ ಹಿಂದಿನ ಎಡಗಡೆಯಿಂದ ಶುರುಮಾಡಿ ಬ್ಲೀಡ್ ಮಾಡಿ (ಆ ಏರನ್ನ ಆಯಿಲ್ ಜೊತೆ ಹೊರಗೆ ಬಿಡಿ), ಟ್ಯಾಂಕಲ್ಲಿ ಆಯಿಲ್ ತಳ ಕಾಣದ ಹಾಗೆ ತುಂಬ್ತಾ ಇರಿ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತೆ, ಚೆಲ್ಲಿದ ತಕ್ಷಣ ನೀರು ಹಾಕಿ.

ಹನ್ನೆರಡುವೋಲ್ಟ್, ಮೈಸೂರು:
ಒಂದು ಸೇರಿಸ್ತೀನಿ. ಎರಡು 21 ವ್ಯಾಟ್ ಅಂದ್ರೆ 3.5 ಆಂಪಿಯರ್, ಹತ್ತೋ ಕ್ಷಣದಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಈ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟುಹೋಗೋದು. 4 ಪಿನ್ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಆನ್ ಮಾಡೋ ಸ್ವಿಚ್) ಹಾಕಿ: ಪಿನ್ ನಂಬರ್ 30ಕ್ಕೆ ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ಮೂಲಕ ಪ್ಲಸ್, 87ರಿಂದ ಲೈಟಿಗೆ, 86ಕ್ಕೆ ಬ್ರೇಕ್ ಸ್ವಿಚ್ಚಿಂದ ಲೈಟಿಗೆ ಹೋಗ್ತಿದ್ದ ವೈರ್, 85 ಅರ್ತ್. ವೈರಿಗೆ ಕೈ ಹಾಕೋ ಮುಂಚೆ ಬ್ಯಾಟರಿ ಮೈನಸ್ ಬಿಚ್ಚಿ.

ನಾಲೆಏರಿ, ಮಂಡ್ಯ:
ಎಡ ಹೋಲ್ಡರಲ್ಲಿ 11 ವೋಲ್ಟ್ ಮೇಲೆ ತೋರಿಸ್ತು. ಬೇರೆ ಅರ್ತ್ ವೈರ್ ಕೊಟ್ಟೆ, ಪಾರ್ಕಿಂಗ್ ಹಾಕಿದರೂ ಎಡಗಡೆ ಬರ್ತಿದೆ. ಸ್ವಿಚ್ಚಿನ ಟರ್ಮಿನಲ್ ಎಣ್ಣೆ ಎಣ್ಣೆ ಆಗಿದೆ. ಹೊಸದು ತರೋವರೆಗೂ ಗಾಡಿ ತೆಗೆಯಲ್ಲ.